ಹಿರಿಯಳ ಹೆಸರು

ತೋಟದ ಮನೆ, ಕರಜಗಿ
ತಾರೀಖು ೧೧-೩-೧೯೯೬, ಸೋಮವಾರ

ಪ್ರೀತಿಯ ಗುರಣ್ಣನಿಗೆ,

ನಿನ್ನ ತಂಗಿಯ ಶರಣಾರ್ಥಿ. ಸೊಂಟದ ನೋವು ಹೇಗಿದೆ? ಜೇವರ್ಗಿಯ ಆ ಅಡತಿ ಅಂಗಡಿಯ ಗಾದಿಯ ಮೇಲೆ ಬೆಳಗಿನಿಂದ ದೀಪ ಹಚ್ಚುವ ತನಕ ಚಕ್ಕಳಮಕ್ಕಳ ಹಾಕಿ ಕೂತು ತೊಗರಿ ಚೀಲದ ಲೆಕ್ಕ ಬರೆದರೆ ಸೊಂಟ ನೋಯದೆ ಇನ್ನೇನಾದೀತು? ನಡುನಡುವೆ ಎದ್ದು ಓಡಾಡು ಅಂದರೆ ಕೇಳುವ ಜಾತಿಯಲ್ಲ ನೀನು. ಅವ್ವನ ಕಣ್ಣಿನ ಪೊರೆ ತೆಗೆಸಿದ ಸುದ್ದಿ ಓದಿ ಜೀವಕ್ಕೆ ತಂಪಾಯಿತು. ಹಸಿರು ಪಟ್ಟಿ ಕಟ್ಟಿಕೊಂಡು ಹೊರಸಿನ ಮೇಲೆ ಕೂತು ವೈನಿಗೆ ಅಡುಗೆ ಹೇಳಿಕೊಡುತ್ತಿರಬೇಕು. ಕಣ್ಣು ಕಾಣದಿದ್ದರೂ ಬೇರೆಯವರ ಪಲ್ಲೆಯಲ್ಲಿ ಉಪ್ಪು ಕಡಿಮೆ ಎಂಬುದು ಅವಳಿಗೆ ಕಂಡೇ ಕಾಣುತ್ತದೆ. ವೈನಿ ಸಹಿಸಿಕೊಳ್ಳಲಿ. ಬೈಯುವ ಅತ್ತೆಯ ಮನೆಯಲ್ಲಿ ಸೊಸೆಗೆ ಭಯವಿರುವುದಿಲ್ಲ.

ಇಲ್ಲಿ ನಾವೆಲ್ಲ ಕ್ಷೇಮ. ಇವರು ಪಡಸಾಲೆಯಲ್ಲಿ ಕೂತಿದ್ದಾರೆ. ಬರೆದು ಮುಗಿಸಿದ ಮೇಲೆ ಎಂದಿನಂತೆ ಒಂದು ಸಲ ಓದಿ ಲಕೋಟೆಗೆ ಹಾಕಲು ಕೊಡುತ್ತಾರೆ. ನನ್ನ ಅಕ್ಷರದಲ್ಲಿ ತಪ್ಪಿರಬಾರದಲ್ಲ, ಅದಕ್ಕೆ. ಈ ಸಲ ಮಾತ್ರ ಅವರೇ, ಉದ್ದವಾಗಿ ಬರಿ, ಎಲ್ಲವನ್ನೂ ಬಿಡಿಸಿ ಬರಿ, ಇಲ್ಲದಿದ್ದರೆ ನಿಮ್ಮಣ್ಣ ಕೆಲಸ ಬಿಟ್ಟು ಕೇಳಲು ಬಂದಾನು ಎಂದರು. ನಿನ್ನ ಕಾಗದದಲ್ಲಿ ನೀನು ಕೇಳಿದ್ದೆಯಲ್ಲ, ನನಗೆ ಓಟಿನ ಫೋಟೋ ಕಾರ್ಡು ಸಿಕ್ಕಿತೇ ಎಂದು. ನಿನಗೂ ವೈನಿಗೂ ಸಿಕ್ಕಿತಂತೆ, ವೈನಿಯ ಫೋಟೋದಲ್ಲಿ ಒಂದು ಕಣ್ಣು ಮುಚ್ಚಿದೆಯಂತೆ, ಓದಿ ಒಬ್ಬಳೇ ನಕ್ಕೆ. ನನಗೆ ಸಿಗಲಿಲ್ಲ ಅಣ್ಣಾ. ಯಾಕೆ ಸಿಗಲಿಲ್ಲ ಎಂಬುದೇ ಈ ಕಾಗದ.

ಮೊದಲು ಹೆಸರಿನ ಮಾತು. ನನ್ನ ಮದುವೆಯ ದಿನ ಅಕ್ಕಿಯ ತಟ್ಟೆಯಲ್ಲಿ ಉಂಗುರದಿಂದ ನನ್ನ ಹೊಸ ಹೆಸರು ಬರೆಸಿದಾಗ ನೀನು ಮುಖ ಗಂಟಿಕ್ಕಿಕೊಂಡು ಹಂದರದಿಂದ ಎದ್ದು ಹೋಗಿದ್ದು ನನಗೆ ಮರೆತಿಲ್ಲ. ಈ ಮನೆಯ ಪದ್ಧತಿ ಅದು. ಮೊದಲಿನವಳು ತೀರಿಕೊಂಡಿದ್ದರೆ ಆಮೇಲೆ ಬಂದವಳಿಗೆ ಹಿರಿಯಳ ಹೆಸರನ್ನೇ ಇಡುತ್ತಾರೆ, ಅವಳ ಹೆಸರಿನ ಬೆಳ್ಳಿಯ ತಗಡನ್ನು ತಾಳಿಯ ಜೊತೆ ಕೊರಳಿಗೆ ಕಟ್ಟುತ್ತಾರೆ. ಹಾಗೆ ಮಾಡಿದರೆ ಸತ್ತವಳಿಗೆ ಹೊಟ್ಟೆಕಿಚ್ಚು ಬರುವುದಿಲ್ಲವಂತೆ. ಅಪ್ಪ ಆವತ್ತು ನಿನ್ನ ರಟ್ಟೆ ಹಿಡಿದು ಕೂರಿಸಿ, 'ಹೆಸರು ಬದಲಾದ್ರ ಮುಖ ಬದಲಾಗ್ತದೇನೋ ಮಗಾ' ಅಂದಿದ್ದ. ಪಾಪ, ಅಪ್ಪನಿಗೆ ಕಚೇರಿ ಎಂದರೇನೆಂದು ಗೊತ್ತಿರಲಿಲ್ಲ. ಅಂದಿನಿಂದ ನಾನು ಗುರುಶಾಂತಮ್ಮ. ಪಡಸಾಲೆಯ ಗೋಡೆಯಲ್ಲಿ ಹಿರಿಯಳ ಫೋಟೋ ಇದೆ, ಕೆಳಗೆ ಲಿಂಗೈಕ್ಯ ಗುರುಶಾಂತಮ್ಮ ಎಂದು ಬರೆದಿದೆ. ದಿನಾ ಬೆಳಗ್ಗೆ ಮಿಂದು ಬಂದು ನನ್ನ ಹೆಸರಿಗೆ ನಾನೇ ಊದುಬತ್ತಿ ಹಚ್ಚುತ್ತೇನೆ. ನನ್ನದೊಂದು ಫೋಟೋ ಈ ಮನೆಯಲ್ಲಿ ಇಲ್ಲ. ಅದಕ್ಕೇ ನಿಜ ಹೇಳುತ್ತೇನೆ, ಓಟಿನ ಮೇಲೆ ಎಷ್ಟು ಆಸೆಯಿತ್ತೋ ಗೊತ್ತಿಲ್ಲ, ಆ ಕಾರ್ಡಿನ ಮೇಲೆ ನನಗೆ ಬಹಳ ಆಸೆಯಿತ್ತು. ಸರಕಾರದ ಸಿಕ್ಕಾ ಇರುವ ಕಾಗದದಲ್ಲಿ ನನ್ನ ಮುಖ, ಪಕ್ಕದಲ್ಲಿ ಹೆಸರು. ಈ ಮುಖ ಇವಳದು, ಬೇರೆ ಯಾರದೂ ಅಲ್ಲ ಎಂದು ಒಬ್ಬರಾದರೂ ಬರೆದು ಕೊಡುತ್ತಿದ್ದರು.

ಶಾಲೆಯ ಜಗಲಿಯಲ್ಲಿ ಫೋಟೋ ತೆಗೆಯುವವರು ಬಂದ ದಿನ ಊರಿನ ಹೆಂಗಸರೆಲ್ಲ ಪೆಟ್ಟಿಗೆಯೊಳಗಿನ ಸೀರೆ ತೆಗೆದು ಉಟ್ಟಿದ್ದರು. ನಾನೂ ಮದುವೆಯ ಇಳಕಲ್ ಸೀರೆ ಉಟ್ಟೆ. ಪಕ್ಕದ ಮನೆಯ ಬಾನುಬಿ, ಕೌದಿ ಹೊಲಿಯುತ್ತಾಳೆ ಎಂದು ಹಿಂದೆ ಬರೆದಿದ್ದೆನಲ್ಲ, ಅವಳೂ ಜೊತೆಗೆ ಬಂದಳು. ಫೋಟೋದವನು ಅವಳಿಗೆ ಸೆರಗು ಹಿಂದೆ ಸರಿಸಿ ಎಂದ. ಬಾನುಬಿ, ನಿನ್ನವ್ವನ್ನ ಹೀಂಗ ಕೂಡಿಸಿ ಫೋಟೋ ಹೊಡದೀಯೇನಪಾ ಎಂದು ಕೇಳಿ ಅವನನ್ನು ಬೆವರಿಸಿ, ಕೊನೆಗೆ ಕಿವಿ ಕಾಣುವಷ್ಟು ಮಾತ್ರ ಸರಿಸಿದಳು. ನಗುತ್ತ ನಗುತ್ತ ನನ್ನ ಪಾಳಿ ಬಂತು. ಪಟ್ಟಿ ಹಿಡಿದು ಕೂತಿದ್ದ ಕಾರಕೂನ ಹುಲೆಪ್ಪ ಹೆಸರು ಕೇಳಿದ, ಹೇಳಿದೆ. ಗಂಡನ ಹೆಸರು ಕೇಳಿದ, ನಾನು ಬಾಯಿ ಬಿಡಲಿಲ್ಲ, ಬಾನುಬಿಯೇ ಶಾಂತಲಿಂಗಪ್ಪ ಎಂದಳು. ಅವನು ಪಟ್ಟಿಯ ಮೇಲೆ ಬೆರಳು ಆಡಿಸಿ, ಒಂದು ಕಡೆ ನಿಲ್ಲಿಸಿ, ನನ್ನ ಮುಖ ನೋಡಿದ. 'ಯವ್ವಾ, ನೀ ಸತ್ತು ಏಳು ವರ್ಷ ಆಗ್ಯದಲ್ಲ. ಸತ್ತಾಕಿದು ಫೋಟೋ ನಾ ಹ್ಯಾಂಗ ತಗಸಲಿ?' ಅಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ತಮಾಷೆ ಎಂದುಕೊಂಡಿದ್ದೆ. ಅವನು ಪಟ್ಟಿ ತಿರುಗಿಸಿ ತೋರಿಸಿದ ಮೇಲೆ ನಗೆ ನಿಂತಿತು. ಗುರುಶಾಂತಮ್ಮ, ಗಂಡ ಶಾಂತಲಿಂಗಪ್ಪ. ಅದರ ಮೇಲೆ ಕೆಂಪು ಮಸಿಯ ಗೆರೆ, ಪಕ್ಕದಲ್ಲಿ ಮೃತ ಎಂದು ಬರೆದಿತ್ತು.

ಹೋದ ಸಲದ ಓಟಿನ ತನಕ ಆ ಗೆರೆ ಇರಲಿಲ್ಲ. ಹಿರಿಯಳ ಹೆಸರು ಪಟ್ಟಿಯಲ್ಲಿ ಹಾಗೇ ಇತ್ತು, ಅತ್ತೆಯವರು ನನ್ನನ್ನು ಕರೆದೊಯ್ದು ಅದೇ ಹೆಸರಿನ ಮೇಲೆ ಸಿಕ್ಕಾ ಹಾಕಿಸಿದ್ದರು. ನಾನು ಅದು ನನ್ನದೇ ಓಟು ಎಂದು ತಿಳಿದು ಬೆರಳಿನ ಮಸಿಯನ್ನು ವಾರಗಟ್ಟಲೆ ನೋಡಿಕೊಂಡು ಓಡಾಡಿದೆ. ಈಗ ಹೊಸ ಪಟ್ಟಿ ಮಾಡುವಾಗ ಸತ್ತವರ ದಾಖಲೆ ಹಚ್ಚಿ ನೋಡಿ ಹೊಡೆದು ಹಾಕಿದ್ದಾರೆ. ಸರಿಯಾಗಿಯೇ ಮಾಡಿದ್ದಾರೆ, ಹಿರಿಯಳು ಸ್ಟೋವ್ ಸಿಡಿದು ತೀರಿಕೊಂಡದ್ದು ನಿನಗೂ ಗೊತ್ತು. ಅವಳು ಸತ್ತಳೆಂದು ಬರೆಸಲು ಒಂದೇ ದಿನ ಸಾಕಾಯಿತಂತೆ. ನಾನು ಬದುಕಿದ್ದೇನೆಂದು ಬರೆಸಲು ಹೋದೆ ನೋಡು, ಅಲ್ಲಿಂದ ಶುರುವಾಯಿತು ನನ್ನ ತೀರ್ಥಯಾತ್ರೆ.

ತಲಾಟಿ ಜಗದೇವಪ್ಪನ ಹತ್ತಿರ ಹೋದರೆ, ಇದು ನನ್ನ ಕೈಯಾಗಿನ ಮಾತಲ್ಲ, ತಾಲೂಕಿಗೆ ಹೋಗು ಎಂದ. ತಾಲೂಕಿನಲ್ಲಿ ಓಟಿನ ಕೋಣೆಯವರು ಪಡಿತರ ಚೀಟಿ ತಾ ಎಂದರು. ಚೀಟಿ ತಂದೆ. ಅದರಲ್ಲಿ ಗುರುಶಾಂತಮ್ಮ ಇದ್ದಾಳೆ, ಇವತ್ತಿಗೂ ಸಕ್ಕರೆ, ಸೀಮೆಎಣ್ಣೆ ಅವಳ ಹೆಸರಲ್ಲಿ ಬರುತ್ತದೆ. ಆದರೆ ವಯಸ್ಸು ಹಿರಿಯಳದು. ಕಾರಕೂನ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿ, ನಲವತ್ತರ ಹೆಂಗಸಿನಂತೆ ಕಾಣುವುದಿಲ್ಲವಲ್ಲ, ಯಾವ ಎಣ್ಣೆ ಹಚ್ಚುತ್ತೀ ಎಂದು ಕೇಳಿದ. ಅವನ ಬಾಯಿಗೆ ಹುಳ ಬೀಳಲಿ. ಪಡಿತರದ ಕೋಣೆಗೆ ಹೋಗಿ, ವಯಸ್ಸು ತಿದ್ದಿ ಕೊಡಿ ಎಂದರೆ, ತಿದ್ದಲು ಓಟಿನ ಪಟ್ಟಿಯ ನಕಲು ಬೇಕಂತೆ. ಓಟಿನ ಪಟ್ಟಿಯಲ್ಲಿ ನಾನು ಸತ್ತಿದ್ದೇನೆ ಎಂದೆ. ಹಾಗಾದರೆ ಸೀಮೆಎಣ್ಣೆಯನ್ನೂ ಕಡಿಮೆ ಮಾಡಬೇಕಾಗುತ್ತದೆ ಎಂದರು. ಒಂದೇ ಕಟ್ಟಡ ಅಣ್ಣಾ, ನಡುವೆ ಒಂದೇ ಗೋಡೆ. ಗೋಡೆಯ ಈ ಕಡೆ ಉಣ್ಣುತ್ತೇನೆ, ಆ ಕಡೆ ಮಣ್ಣಾಗಿದ್ದೇನೆ. ಬಾಗಿಲ ಹೊರಗೆ ಕೂತಿದ್ದ ಅರ್ಜಿ ಬರೆಯುವ ಅಬ್ದುಲ್ ಗನಿ ಸಾಹೇಬರು ಮಾತ್ರ ಮನುಷ್ಯರ ಹಾಗೆ ಮಾತಾಡಿಸಿದರು. ಬೇಟಿ, ಗಂಡ ಬಂದು ಇವಳು ನನ್ನ ಹೆಂಡತಿ ಎಂದು ಒಂದು ಸಾಲು ಬರೆದುಕೊಟ್ಟರೆ ಮುಗಿಯಿತು, ಇಷ್ಟಕ್ಕೆ ಯಾಕೆ ಅಳುತ್ತೀ ಎಂದರು. ನಾನು ಅಳುತ್ತಿದ್ದೆ ಎಂಬುದು ಅವರು ಹೇಳಿದ ಮೇಲೇ ನನಗೆ ಗೊತ್ತಾದದ್ದು.

ಇವರು ಬರಲು ಒಪ್ಪಿದರು. ರಾಶಿಯ ಕೆಲಸ ಬಿಟ್ಟು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅತ್ತೆಯವರನ್ನೂ ಕರೆದುಕೊಂಡು ಬಂದರು. ಎಷ್ಟು ಮಂದಿ ಗಂಡಸರು ಹೆಂಡತಿಯ ಓಟಿಗಾಗಿ ಕಚೇರಿಯ ಮೆಟ್ಟಿಲು ಹತ್ತುತ್ತಾರೆ ಹೇಳು. ಓಟಿನ ಕೋಣೆಯ ದೊಡ್ಡ ಸಾಹೇಬರು ಇವರನ್ನು ಕೂಡಿಸಿ, ಈಕೆ ನಿಮಗೇನಾಗಬೇಕು ಎಂದು ಕೇಳಿದರು. ಇವರು ಒಂದು ಗಳಿಗೆ ಅತ್ತೆಯವರ ಮುಖ ನೋಡಿದರು. ಆಮೇಲೆ, 'ಮನಿ ಕೆಲಸಕ್ಕ ಇರ್ತಾಳ್ರಿ' ಅಂದರು. ನಾನು ಪಕ್ಕದಲ್ಲೇ ಇದ್ದೆ ಅಣ್ಣಾ, ಕೊರಳಲ್ಲಿ ಇವರೇ ಕಟ್ಟಿದ ತಾಳಿ ಇತ್ತು. ಮನೆಗೆ ಬಂದ ಮೇಲೆ ಯಾಕೆ ಹಾಗೆ ಹೇಳಿದೆನೆಂದು ಇವರೇ ತಿಳಿಸಿ ಹೇಳಿದರು. ಹಿರಿಯಳು ತೀರಿಕೊಂಡಾಗ ಪೊಲೀಸರು ಬಂದಿದ್ದರಂತೆ, ಇನ್ನು ಮದುವೆ ಆಗುವುದಿಲ್ಲ ಎಂದು ಇವರು ಅವರ ಮುಂದೆ ಹೇಳಿದ್ದರಂತೆ. ಈಗ ಹೆಂಡತಿ ಎಂದು ಬರೆದುಕೊಟ್ಟರೆ ಹಳೆಯದನ್ನೆಲ್ಲ ಕೆದಕಿಯಾರು, ಸುಮ್ಮನೆ ಗೊಂದಲ. ಗಂಡಸರಿಗೆ ಮುಂದಿನ ವಿಚಾರ ಇರುತ್ತದೆ, ನಮಗೆ ಎಲ್ಲಿಂದ ಬರಬೇಕು.

ಸಾಹೇಬರು ಬಿಡಲಿಲ್ಲ. ಕೆಲಸದವಳೇ ಆಗಲಿ, ಊರಲ್ಲಿ ಇರುವವಳಿಗೆ ಓಟು ಇರುತ್ತದೆ, ಹೆಸರು ಹೇಳಿ ಎಂದರು. ಅತ್ತೆಯವರು ಗುರುಶಾಂತಿ ಎಂದರು. ಆ ಹೆಸರಿನವಳು ಸತ್ತಿದ್ದಾಳೆ, ಬೇರೆ ಹೆಸರಿಲ್ಲವೇ ಎಂದು ಸಾಹೇಬರು ನನ್ನ ಕಡೆ ತಿರುಗಿದರು. ಆಗ ನಾನು ಬಾಯಿ ಬಿಟ್ಟೆ. 'ಕಸ್ತೂರಿಬಾಯಿ ಅಂತಾರ್ರಿ ನನಗ. ನಮ್ಮಪ್ಪನ ಹೆಸರು ದೊಡ್ಡಪ್ಪ, ಜೇವರ್ಗಿ ತಾಲೂಕಿನಾಕಿ' ಅಂದೆ. ಏಳು ವರ್ಷದಲ್ಲಿ ಆ ಹೆಸರನ್ನು ನಾನು ಗಟ್ಟಿಯಾಗಿ ಹೇಳಿರಲಿಲ್ಲ. ಬೇರೆ ಯಾರನ್ನೋ ಕರೆದ ಹಾಗೆ ಕೇಳಿಸಿತು. ಇವರು ಕುರ್ಚಿಯಿಂದ ಎದ್ದರು, ಅತ್ತೆಯವರು ಹಿಂದಿನಿಂದ ನನ್ನ ಸೆರಗು ಜಗ್ಗಿದರು. ಸಾಹೇಬರು ಇದಕ್ಕೇನು ಆಧಾರ ಎಂದರು. ಊರಿನ ಶಾಲೆಯಲ್ಲಿ ಏಳನೇ ಇಯತ್ತೆ ಪಾಸಾಗಿದ್ದೇನೆ ಎಂದೆ. ಹಾಗಾದರೆ ಶಾಲೆ ಬಿಟ್ಟ ಸರ್ಟಿಫಿಕೇಟು ತಾ, ಯುಗಾದಿಯ ಒಳಗೆ ತಂದರೆ ಹೊಸದಾಗಿ ಬರೆದುಕೊಳ್ಳುತ್ತೇನೆ, ಆಮೇಲೆ ಪಟ್ಟಿ ಮುಚ್ಚುತ್ತದೆ ಎಂದರು. ಊರಲ್ಲಿ ಬಸ್ಸಿಳಿದ ಮೇಲೆ ಅತ್ತೆಯವರು, ಹೆಸರು ಹೇಳುವಾಗ ನಮ್ಮ ಮುಖ ಒಂದು ಸಲ ನೋಡಬಾರದಿತ್ತೇ ಎಂದಷ್ಟೇ ಅಂದರು. ತಪ್ಪು ನನ್ನದೇ. ದೊಡ್ಡವರು ಇರುವಾಗ ಸಣ್ಣವರು ಬಾಯಿ ಹಾಕಬಾರದು.

ಅದಾದ ಮೇಲೆ ಮನೆ ಶಾಂತವಾಗಿದೆ. ಅತ್ತೆಯವರು ಬೈಯುವುದನ್ನು ಬಿಟ್ಟಿದ್ದಾರೆ. ಏಳು ವರ್ಷ ಮಕ್ಕಳಾಗಲಿಲ್ಲ ಎಂದು ದಿನಾ ಅನ್ನುತ್ತಿದ್ದವರು ಈಗ ಆ ಮಾತನ್ನೇ ಎತ್ತುವುದಿಲ್ಲ. ಹೋದ ವಾರ ಆಳಂದದ ಕಡೆಯಿಂದ ಅವರ ದೂರದ ಬಳಗದವರು ಬಂದು ಎರಡು ದಿನ ಇದ್ದು ಹೋದರು. ಹೋಳಿಗೆ, ಕಟ್ಟಿನ ಸಾರು, ಎಲ್ಲ ನಾನೇ ಮಾಡಿದೆ. ಅವರ ಮಗಳೂ ಜೊತೆಗೆ ಬಂದಿದ್ದಳು, ಹತ್ತೊಂಬತ್ತು ಇಪ್ಪತ್ತರ ಹುಡುಗಿ. ಅಡುಗೆಯ ಹಟ್ಟಿಯಲ್ಲಿ ನನ್ನ ಜೊತೆ ಕೂತು ಹಿಟ್ಟು ನಾದಿದಳು, ಒಳ್ಳೆಯ ಕೈ. ಬಂದವರು ನಾನು ಯಾರು ಎಂದು ಕೇಳಿದ್ದಕ್ಕೆ ಅತ್ತೆಯವರು, 'ನಮ್ಮ ಗುರುಶಾಂತಿ ರೀ. ಸತ್ತು ಏಳು ವರ್ಷ ಆತು, ಇನ್ನಾ ಎರಡು ರೊಟ್ಟಿ ತಿಂತಾಳ' ಎಂದು ಕಚೇರಿಯ ಕಥೆ ಹೇಳಿದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನು ಹೋಳಿಗೆಯ ಮೇಲೆ ತುಪ್ಪ ಹಾಕಿದೆ. ಆ ಹುಡುಗಿ ಒಬ್ಬಳು ನಗಲಿಲ್ಲ. ಅವಳ ಹೆಸರು ಶರಣಬಸಮ್ಮ. ಸದ್ಯಕ್ಕೆ.

ಇನ್ನೊಂದು ಸಂತೋಷದ ಸುದ್ದಿ. ಹಿರಿಯಳು ಹೋದ ಮೇಲೆ ಈ ಮನೆಯಲ್ಲಿ ಸ್ಟೋವ್ ತಂದಿರಲಿಲ್ಲ, ಒಲೆಯಲ್ಲೇ ಅಡುಗೆ. ತೊಗರಿ ಕಟ್ಟಿಗೆಯ ಹೊಗೆಗೆ ನನ್ನ ಕಣ್ಣು ಕೆಂಪಾಗುತ್ತದೆ ಎಂದು ನೀನು ಬಂದಾಗಲೆಲ್ಲ ಬೇಸರ ಮಾಡಿಕೊಳ್ಳುತ್ತಿದ್ದೆ. ಮೊನ್ನೆ ಸಂತೆಗೆ ಹೋದಾಗ ಇವರು ಹೊಸ ಹಿತ್ತಾಳೆ ಸ್ಟೋವ್ ತಂದಿದ್ದಾರೆ. ನನ್ನ ಹೆಸರಿನ ಸೀಮೆಎಣ್ಣೆಯನ್ನು ಅತ್ತೆಯವರೇ ಕೂಡಿಟ್ಟಿದ್ದಾರೆ, ಡಬ್ಬಿ ತುಂಬಿದೆ. ಇಷ್ಟು ಕಾಳಜಿ ಮಾಡುವ ಮನೆ ಯಾರಿಗೆ ಸಿಗುತ್ತದೆ.

ಹೀಗಾಗಿ ನೀನು ನನ್ನ ಸರ್ಟಿಫಿಕೇಟಿಗೆಂದು ಶಾಲೆಗೆ ಅಲೆಯಬೇಡ. ಒಂದು ಓಟಿಲ್ಲದಿದ್ದರೆ ಸರಕಾರವೇನು ಬಿದ್ದುಹೋಗುವುದಿಲ್ಲ ಎಂದು ಇವರು ಹೇಳುತ್ತಾರೆ, ನಿಜವೇ. ನಾನೂ ಆ ಆಸೆ ಬಿಟ್ಟಿದ್ದೇನೆ. ತೊಗರಿಯ ಹಂಗಾಮಿನಲ್ಲಿ ನಿನ್ನ ಮಾಲಕರು ರಜೆ ಕೊಡುವುದಿಲ್ಲ, ಅಲ್ಲಿಂದ ಕಲಬುರ್ಗಿಗೆ ಬಂದು ಚೌಡಾಪುರದ ಮೇಲೆ ಹಾಯ್ದು ಇಷ್ಟು ದೂರ ಸುಮ್ಮನೆ ಬರಬೇಡ.

ಅವ್ವನಿಗೆ ನನ್ನ ನಮಸ್ಕಾರ ಹೇಳು, ಪಟ್ಟಿ ಬಿಚ್ಚಿದ ಮೇಲೆ ಬಿಸಿಲಿಗೆ ಹೋಗದಿರಲಿ. ವೈನಿಗೆ, ಮಕ್ಕಳಿಗೆ ನನ್ನ ಮುದ್ದು. ಅತ್ತೆಯವರೂ ಇವರೂ ನಿಮ್ಮೆಲ್ಲರನ್ನು ಕೇಳಿದ್ದಾರೆ. ಬಸವಣ್ಣ ನಿಮ್ಮ ಮನೆಯ ದೀಪ ಕಾಯಲಿ.

ಇಂತಿ ನಿನ್ನ ತಂಗಿ,
ಗುರುಶಾಂತಮ್ಮ

ತಾ. ಕ.: ಅಣ್ಣಾ, ಮೇಲಿನದೆಲ್ಲ ಇವರು ಓದಿದ್ದಾರೆ. ಹೊಗಳಿದ ಕಡೆ ತಲೆಯಾಡಿಸಿ ಮಡಚಿ ಕೊಟ್ಟರು. ಮನೆಯಲ್ಲಿ ಗೋಂದಿಲ್ಲ ಎಂದು ಹೇಳಿ ಬಾನುಬಿಯ ಮನೆಗೆ ಬಂದಿದ್ದೇನೆ, ಇಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಬಾನುಬಿಯೇ ಟಪಾಲಿಗೆ ಹಾಕುತ್ತಾಳೆ. ಇವರು ನನ್ನನ್ನು ನೋಡಲು ನಮ್ಮ ಮನೆಗೆ ಬಂದಾಗ, ಹಿರಿಯಳು ತೀರಿಕೊಂಡು ವರ್ಷವಾಯಿತು ಎಂದಿದ್ದರಲ್ಲ, ಅದು ಸುಳ್ಳು. ಅವತ್ತು ಅವಳು ಇಲ್ಲಿ ಇದೇ ಹಟ್ಟಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳಂತೆ. ನಮ್ಮಪ್ಪ ಒಪ್ಪಿದ ಮೇಲೆ ಈ ಮನೆಗೆ ಸ್ಟೋವ್ ಬಂತು. ಬಾನುಬಿ ಏಳು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವಳು, ಮೊನ್ನೆ ಹೊಸ ಸ್ಟೋವ್ ನೋಡಿದ ಮೇಲೆ ನನ್ನ ಕೈ ಹಿಡಿದುಕೊಂಡು ಹೇಳಿದಳು. ಆಳಂದದವರು ಹೋದ ಮಧ್ಯಾಹ್ನ ಇವರು ಅತ್ತೆಯವರಿಗೆ ಹೇಳಿದ್ದನ್ನು ನಾನೇ ಕಿವಿಯಾರೆ ಕೇಳಿದೆ: 'ಈ ಸಲ ಕಚೇರಿಗಿ ಓಡಾಡೂದು ಇಲ್ಲವ್ವಾ. ಬರಿಸೂದು ಮೊದಲೇ ಆಗ್ಯದ.' ನನಗೆ ಹೆದರಿಕೆಯಾಗುತ್ತಿದೆ. ಒಲೆಯಲ್ಲೇ ಮಾಡುತ್ತೇನೆ ಎಂದು ದಿನ ದೂಡುತ್ತಿದ್ದೇನೆ, ಕಟ್ಟಿಗೆ ಮುಗಿಯುತ್ತ ಬಂದಿದೆ, ಇವರು ತರುತ್ತಿಲ್ಲ. ಸರ್ಟಿಫಿಕೇಟು ತೆಗೆಸು. ಟಪಾಲಿನಲ್ಲಿ ಕಳಿಸಬೇಡ, ಅದು ಇವರ ಕೈಗೇ ಬರುತ್ತದೆ. ನೀನೇ ತಾ, ನಾಲ್ಕು ಮಂದಿಯನ್ನು ಕರೆದುಕೊಂಡು ಬಾ, ಚಾವಡಿಯಲ್ಲಿ ನಿಂತು ನನ್ನ ಹೆಸರನ್ನು ಊರೆಲ್ಲ ಕೇಳುವ ಹಾಗೆ ಓದು, ನನ್ನನ್ನು ಕರೆದುಕೊಂಡು ಹೋಗು. ನೀನು ಬರುವುದರೊಳಗೆ ಬೇರೆ ಸುದ್ದಿ ಬಂದರೂ ಅದನ್ನು ತರುವುದು ಬಿಡಬೇಡ. ಗುರುಶಾಂತಮ್ಮ ಸತ್ತಳೆಂದು ಆಗಲೇ ಬರೆದಾಗಿದೆ, ಎರಡನೆಯ ಸಲ ಯಾರೂ ಬರೆದುಕೊಳ್ಳುವುದಿಲ್ಲ. ಕಸ್ತೂರಿಬಾಯಿ ಸತ್ತಳೆಂದು ಬರೆಸಬೇಕಾದರೂ, ಅವಳೊಬ್ಬಳು ಹುಟ್ಟಿದ್ದಳೆಂಬ ಆ ಕಾಗದ ಬೇಕು.

ಕಸ್ತೂರಿ